ಗಾಳಿಯನ್ನು ಅಳೆದು ಸುರಿದವರು

(ಉಪನ್ಯಾಸವೊಂದರ ಬರಹರೂಪ)

ಕನ್ನಡದ ಮಾತಿನಲ್ಲಿ ಗಾಳಿಗೆ ಅಂಥ ಮರ್ಯಾದೆಯೇನೂ ಇಲ್ಲ. ಆಧಾರವಿಲ್ಲದ ಸುದ್ದಿಗೆ ಗಾಳಿಮಾತು ಎನ್ನುತ್ತಾರೆ. ಕೈಗೂಡದ ಆಸೆಗೆ ಗಾಳಿಗೋಪುರ ಎನ್ನುತ್ತಾರೆ. ಫಲವಿಲ್ಲದ ಕೆಲಸಕ್ಕೆ ಕೈ ಹಾಕಿದವನನ್ನು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಎಂದು ನಗುತ್ತಾರೆ. ಕಣ್ಣಿಗೆ ಕಾಣದ, ಕೈಗೆ ಸಿಗದ ವಸ್ತುವನ್ನು ಜನ ಹಗುರವಾಗಿ ಕಾಣುವುದು ಸಹಜವೇ. ಆದರೆ ಗಾಳಿಗೂ ತೂಕವಿದೆ. ಕಡಲತೀರದ ಊರಿನಲ್ಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ ತೂಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಸಾಧಾರಣ ಕೋಣೆಯಲ್ಲಿರುವ ಗಾಳಿಯ ತೂಕ ಮೂವತ್ತು ಕಿಲೋಗೂ ಹೆಚ್ಚು.

ಪ್ರಶ್ನೆ ಇರುವುದು ಇದನ್ನು ಅಳೆಯುವುದು ಹೇಗೆ ಎಂಬಲ್ಲಿ. ರಾಗಿಯನ್ನು ಸೇರಿನಲ್ಲಿ ಅಳೆಯಬಹುದು; ಬಾಯಿಯ ಮೇಲೆ ಕೈ ಎಳೆದರೆ ಅಳತೆ ಸಮವಾಯಿತು. ಹಾಲನ್ನು ಪಾವಿನಲ್ಲಿ ಅಳೆದು ಪಾತ್ರೆಗೆ ಸುರಿಯಬಹುದು. ಗಾಳಿಗೆ ಈ ಯಾವ ಉಪಾಯವೂ ನಡೆಯದು. ಎಷ್ಟು ದೊಡ್ಡ ಪಾತ್ರೆ ಕೊಟ್ಟರೂ ಅದು ಪೂರ್ತಿ ತುಂಬಿಕೊಳ್ಳುತ್ತದೆ. ಬಾಯಿ ತೆರೆದರೆ ಹೊರಗಿನದು ಒಳಗೆ, ಒಳಗಿನದು ಹೊರಗೆ. ಕೋಣೆಯ ಬಿಸಿ ಒಂದು ಡಿಗ್ರಿ ಏರಿದರೆ ಅದರ ಗಾತ್ರ ಮುನ್ನೂರರಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಒತ್ತಡ ಬದಲಾದರಂತೂ ಲೆಕ್ಕವೇ ಬದಲಾಗುತ್ತದೆ. ಮಂಗಳೂರಿನಲ್ಲಿ ಪಾದರಸದ ಕಂಬ 76 ಸೆಂಟಿಮೀಟರ್ ಎತ್ತರ ನಿಂತರೆ, 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ 68-69 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಎಂದರೆ ಅದೇ ಲೀಟರ್ ಗಾಳಿ ಬೆಂಗಳೂರಿನಲ್ಲಿ ಹತ್ತನೇ ಒಂದು ಪಾಲು ಹಗುರ. ಹೀಗಿರುವಾಗ ‘ಒಂದು ಲೀಟರ್ ಗಾಳಿ’ ಎಂಬ ಮಾತಿಗೆ, ಯಾವ ಬಿಸಿಯಲ್ಲಿ, ಯಾವ ಒತ್ತಡದಲ್ಲಿ ಎಂದು ಹೇಳದೆ ಅರ್ಥವೇ ಇಲ್ಲ.

ಈ ಚಂಚಲ ವಸ್ತುವನ್ನು ಹಿಡಿದು, ಅಳೆದು, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಒಂದಿಷ್ಟೂ ಚೆಲ್ಲದೆ ದಾಟಿಸುವ ವಿದ್ಯೆ ಬೆಳೆದುಬಂದ ಕಥೆ ಬಹಳ ಸ್ವಾರಸ್ಯವಾದದ್ದು. ಅದರ ಒಂದು ಎಳೆ ಬೆಂಗಳೂರಿಗೂ, ಇನ್ನೊಂದು ಎಳೆ ಉತ್ತರ ಕರ್ನಾಟಕದ ಎರೆಭೂಮಿಗೂ ಬಂದು ಸೇರುತ್ತದೆ.

ನೀರಿನ ತೊಟ್ಟಿ, ಪಾದರಸದ ತೊಟ್ಟಿ

ಮೊದಲ ಉಪಾಯ ಹೂಡಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಟೆಡಿಂಗ್ಟನ್ ಎಂಬ ಊರಿನ ಪಾದ್ರಿ ಸ್ಟೀಫನ್ ಹೇಲ್ಸ್. ನೀರು ತುಂಬಿದ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿ, ಅದರ ಕೆಳಗೆ ಕೊಳವೆಯ ತುದಿಯನ್ನು ಇಟ್ಟರೆ, ಕೊಳವೆಯಿಂದ ಬರುವ ಅನಿಲ ಗುಳ್ಳೆ ಗುಳ್ಳೆಯಾಗಿ ಏರಿ, ನೀರನ್ನು ಕೆಳಕ್ಕೆ ತಳ್ಳಿ, ಮೇಲೆ ಸೇರಿಕೊಳ್ಳುತ್ತದೆ. ಎಷ್ಟು ನೀರು ಇಳಿಯಿತೋ ಅಷ್ಟು ಅನಿಲ ಬಂದಿದೆ ಎಂದು ಲೆಕ್ಕ. 1727ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಈ ವಿಧಾನದ ವಿವರವಿದೆ. ನಮ್ಮ ಶಾಲೆಗಳ ಪ್ರಯೋಗಾಲಯದಲ್ಲಿ ಆಮ್ಲಜನಕ ತಯಾರಿಸಿ ತೋರಿಸುವಾಗ ಮೇಜಿನ ಮೇಲೆ ಕಾಣುವ ತೊಟ್ಟಿ ಇದರ ವಂಶದ್ದೇ.

ಆದರೆ ಅಮೋನಿಯಾದಂಥ ಅನಿಲಗಳು ನೀರಿನಲ್ಲಿ ಕರಗಿಹೋಗುತ್ತವೆ. ಸಂಗ್ರಹಿಸಲು ಹೋದರೆ ಕೈಯಲ್ಲಿ ಏನೂ ಉಳಿಯದು. 1770ರ ದಶಕದಲ್ಲಿ ಜೋಸೆಫ್ ಪ್ರೀಸ್ಟ್ಲಿ ನೀರಿನ ಬದಲು ಪಾದರಸವನ್ನು ಧಾರಾಳವಾಗಿ ಬಳಸಿ ಅಮೋನಿಯಾ, ಹೈಡ್ರೋಜನ್ ಕ್ಲೋರೈಡ್, ಸಲ್ಫರ್ ಡಯಾಕ್ಸೈಡ್‌ಗಳನ್ನು ಹಿಡಿದ. ಅಲ್ಲಿಂದ ಮುಂದೆ ಸುಮಾರು ಇನ್ನೂರು ವರ್ಷ, ಅನಿಲಗಳ ಪ್ರಯೋಗಾಲಯವೆಂದರೆ ಗಾಜು ಮತ್ತು ಪಾದರಸ ಎಂದಾಯಿತು. ಪಾದರಸ ಗಾಜಿಗೆ ಅಂಟದು. ಹೆಚ್ಚಿನ ಅನಿಲಗಳನ್ನು ಕರಗಿಸಿಕೊಳ್ಳದು. ಭಾರವಾದ್ದರಿಂದ ಗಾಳಿಯನ್ನು ಬೇಕಾದ ಕಡೆಗೆ ತಳ್ಳಬಲ್ಲದು. ಅದರ ಆವಿ ವಿಷ ಎಂಬುದನ್ನು ಆ ಕಾಲದವರು ಲಕ್ಷ್ಯಕ್ಕೆ ತೆಗೆದುಕೊಂಡದ್ದು ಕಡಿಮೆ.

ಕ್ಯಾವೆಂಡಿಷನ ಬಾಗಿದ ಕೊಳವೆ

ಹೆನ್ರಿ ಕ್ಯಾವೆಂಡಿಷ್ ಅಪಾರ ಶ್ರೀಮಂತ, ಅಪಾರ ಸಂಕೋಚದ ಮನುಷ್ಯ. ಜನರೊಡನೆ ಮಾತಾಡಲು ಹಿಂಜರಿಯುತ್ತಿದ್ದ ಅವನು ಗಾಳಿಯೊಡನೆ ಮಾತ್ರ ಸಲಿಗೆಯಿಂದಿದ್ದ. 1785ರಲ್ಲಿ ಅವನು ಪ್ರಕಟಿಸಿದ ಪ್ರಯೋಗ ಇಂದು ನೋಡಿದರೂ ಬೆರಗಾಗುವಂಥದು. ವಾಯುವಿನ ಸಾರಜನಕವೆಲ್ಲ ಒಂದೇ ಪದಾರ್ಥವೇ, ಅಥವಾ ಅದರೊಳಗೆ ಬೇರೇನಾದರೂ ಅಡಗಿದೆಯೇ ಎಂಬುದು ಅವನ ಪ್ರಶ್ನೆ.

ಪಾದರಸ ತುಂಬಿದ ಎರಡು ಲೋಟಗಳಲ್ಲಿ ಕಾಲೂರಿ ನಿಂತ, ಕಮಾನಿನಂತೆ ಬಾಗಿದ ಒಂದು ಗಾಜಿನ ಕೊಳವೆ. ಅದರೊಳಗೆ ಸ್ವಲ್ಪ ಕ್ಷಾರದ ದ್ರಾವಣ, ಸ್ವಲ್ಪ ಗಾಳಿ. ವಿದ್ಯುತ್ತಿನ ಕಿಡಿ ಹಾರಿಸಿದರೆ ಸಾರಜನಕವೂ ಆಮ್ಲಜನಕವೂ ಕೂಡಿ, ಆದ ಪದಾರ್ಥ ಕ್ಷಾರದಲ್ಲಿ ಕರಗಿಹೋಗುತ್ತದೆ. ಗಾಳಿ ಕುಗ್ಗುತ್ತ ಬರುತ್ತದೆ. ಕುಗ್ಗಿದಂತೆಲ್ಲ ಹೊಸದಾಗಿ ಗಾಳಿ, ಆಮ್ಲಜನಕ ಸೇರಿಸಬೇಕು. ಎಷ್ಟು ಸೇರಿಸಿದೆ ಎಂಬ ಲೆಕ್ಕ ತಪ್ಪಬಾರದು. ಇದಕ್ಕೆ ಅವನು ಮಾಡಿಕೊಂಡ ಉಪಕರಣ ಒಂದು ಸಣ್ಣ ಬಾಗುಗೊಳವೆ. ಅದರ ತುಂಬ ಪಾದರಸ. ಒಂದು ತುದಿ ಬೆರಳಿನಿಂದ ಮುಚ್ಚಿದೆ. ಇನ್ನೊಂದು ತುದಿ ಅನಿಲವಿರುವ ಪಾತ್ರೆಯೊಳಗಿದೆ. ಬೆರಳು ತೆಗೆದರೆ ಪಾದರಸ ಇಳಿಯುತ್ತದೆ, ಅದು ಬಿಟ್ಟ ಜಾಗಕ್ಕೆ ಅಷ್ಟೇ ಅನಿಲ ಬರುತ್ತದೆ. ಮತ್ತೆ ಬೆರಳು ಮುಚ್ಚಿ, ಕೊಳವೆಯನ್ನು ತಿರುಗಿಸಿ, ಮೊನೆಯನ್ನು ದೊಡ್ಡ ಕೊಳವೆಗೆ ತೂರಿಸಿ ಬೆರಳು ಎತ್ತಿದರೆ, ಪಾದರಸದ ಭಾರವೇ ಅನಿಲವನ್ನು ಒಳಗೆ ತಳ್ಳುತ್ತದೆ. ಬೇಕಾದಷ್ಟು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಇಂದಿನ ಪ್ರಯೋಗಾಲಯಗಳ ‘ಗ್ಯಾಸ್ ಪಿಪೆಟ್’ ಎಂಬ ಸಾಧನದ ಪೂರ್ವಜನನ್ನು ಇದರಲ್ಲಿ ಕಾಣಬಹುದು.

ಕಿಡಿ ಹಾರಿಸಿ ಹಾರಿಸಿ, ಕೊನೆಗೆ ಉಳಿದ ಆಮ್ಲಜನಕವನ್ನೂ ತೆಗೆದ ಮೇಲೆ ಕೊಳವೆಯಲ್ಲಿ ಒಂದು ಪುಟ್ಟ ಗುಳ್ಳೆ ಉಳಿಯಿತು. ಏನು ಮಾಡಿದರೂ ಅದು ಕರಗಲಿಲ್ಲ. ಸಾರಜನಕದಲ್ಲಿ ಬೇರೆ ಏನಾದರೂ ಇದ್ದರೆ ಅದು 120ರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ ಎಂದು ಕ್ಯಾವೆಂಡಿಷ್ ಬರೆದಿಟ್ಟ. ನಿಜವಾದ ಲೆಕ್ಕ ಸುಮಾರು 85ರಲ್ಲಿ ಒಂದು ಎಂದು ಈಗ ಗೊತ್ತಿದೆ. ಬೆರಳು, ಪಾದರಸ, ಕಿಡಿಗಳ ಬಲದಿಂದಲೇ ಅವನು ಸತ್ಯದ ಅಷ್ಟು ಸಮೀಪಕ್ಕೆ ಬಂದಿದ್ದ. ಅವನು ಆ ಗುಳ್ಳೆಯನ್ನು ಮುಚ್ಚಿಡಲಿಲ್ಲ, ಪ್ರಯೋಗದ ದೋಷವೆಂದು ತಳ್ಳಿಹಾಕಲೂ ಇಲ್ಲ. ಎಷ್ಟಿತ್ತೋ ಅಷ್ಟನ್ನು ದಾಖಲಿಸಿದ. ಆದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೂ ಅದರ ಗೊಡವೆಗೆ ಹೋಗಲಿಲ್ಲ.

ಹನ್ನೊಂದು ಮಿಲಿಗ್ರಾಂ

ಲಾರ್ಡ್ ರೇಲಿ ಅನಿಲಗಳ ಸಾಂದ್ರತೆಯನ್ನು ಹೊಸದಾಗಿ ಅಳೆಯಲು ಕುಳಿತದ್ದು 1880ರ ದಶಕದಲ್ಲಿ. ಅವನ ಸಾಧನ ಸುಮಾರು 1.8 ಲೀಟರಿನ ಒಂದು ಗಾಜಿನ ಬುರುಡೆ. ಒಳಗಿನ ಗಾಳಿಯನ್ನೆಲ್ಲ ತೆಗೆದು ತೂಗುವುದು, ಮಂಜುಗಡ್ಡೆಯಲ್ಲಿ ಹೂತು ಅನಿಲ ತುಂಬಿ ಮತ್ತೆ ತೂಗುವುದು. ತಕ್ಕಡಿಯ ಇನ್ನೊಂದು ಬದಿಗೆ ಅಷ್ಟೇ ಗಾತ್ರದ ಮತ್ತೊಂದು ಬುರುಡೆ. ಹೊರಗಿನ ಗಾಳಿ ಎರಡನ್ನೂ ಸಮನಾಗಿ ಎತ್ತುವುದರಿಂದ ಅದರ ಪ್ರಭಾವ ಕಳೆದುಹೋಗುತ್ತದೆ. ಇದು ಫ್ರಾನ್ಸಿನ ರೆನ್ಯೊ ತೋರಿಸಿದ ದಾರಿ. ಗಾಳಿ ತೆಗೆದಾಗ ಬುರುಡೆಯೇ ಕೂದಲೆಳೆಯಷ್ಟು ಕುಗ್ಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಕಂಡುಕೊಂಡವನು ರೇಲಿ.

ಸಾರಜನಕದ ಸರದಿ ಬಂದಾಗ ತೊಡಕು ಶುರುವಾಯಿತು. ವಾಯುವಿನಿಂದ ಆಮ್ಲಜನಕವನ್ನು ತೆಗೆದು ಪಡೆದ ಸಾರಜನಕಕ್ಕೂ, ಅಮೋನಿಯಾದ ನೆರವಿನಿಂದ ಪಡೆದ ಸಾರಜನಕಕ್ಕೂ ತೂಕದಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ವ್ಯತ್ಯಾಸ. ಅಮೋನಿಯಾದ ವಿಧಾನದಲ್ಲಿ ಬಂದ ಸಾರಜನಕದಲ್ಲೂ ಬಹುಪಾಲು ವಾಯುವಿನದೇ ಆಗಿತ್ತು. ಪೂರ್ತಿ ಸಾರಜನಕವೂ ಅಮೋನಿಯಾದಿಂದಲೇ ಬರುವಂತೆ ಮಾಡಿದಾಗ ವ್ಯತ್ಯಾಸ ಇನ್ನೂರಕ್ಕೆ ಒಂದು ಪಾಲಿಗೆ ಏರಿತು. ಅಳತೆಯ ಅಜಾಗರೂಕತೆಯಾಗಿದ್ದರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರಬೇಕಿತ್ತು. ಇದು ಹಾಗಲ್ಲ, ಕಾರಣವಿರುವ ವ್ಯತ್ಯಾಸ. 1892ರಲ್ಲಿ ರೇಲಿ ‘ನೇಚರ್’ ಪತ್ರಿಕೆಗೆ ಕಾಗದ ಬರೆದು, ಯಾರಿಗಾದರೂ ಇದರ ಗುಟ್ಟು ಹೊಳೆದರೆ ಹೇಳಿ ಎಂದು ಕೇಳಿದ.

ಅವನೂ ಸುಮ್ಮನೆ ಕೂರಲಿಲ್ಲ. ಹಗುರವಾದ ಸಾರಜನಕದಲ್ಲಿ ಜಲಜನಕ ಬೆರೆತಿರಬಹುದೇ ಎಂದು ಶಂಕಿಸಿ, ಬೇಕೆಂದೇ ಜಲಜನಕ ಸೇರಿಸಿ ಶುದ್ಧಿ ಮಾಡಿ ನೋಡಿದ. ಶುದ್ಧಿಯ ಕ್ರಮ ಅದನ್ನು ಪೂರ್ತಿ ತೆಗೆಯುತ್ತಿತ್ತು, ತೂಕ ಕದಲಲಿಲ್ಲ. ಅನಿಲವನ್ನು ಎಂಟು ತಿಂಗಳು ಮುಚ್ಚಿಟ್ಟು ಮತ್ತೆ ತೂಗಿದ, ಅದೂ ಕದಲಲಿಲ್ಲ. ಬೇರೆ ಬೇರೆ ರಾಸಾಯನಿಕಗಳಿಂದ ಸಾರಜನಕ ಪಡೆದು ತೂಗಿದ. ಬುರುಡೆ ತುಂಬ ವಾಯುವಿನ ಸಾರಜನಕ 2.310 ಗ್ರಾಂ, ರಾಸಾಯನಿಕಗಳಿಂದ ಪಡೆದದ್ದು 2.299 ಗ್ರಾಂ. ನಡುವೆ ಹನ್ನೊಂದು ಮಿಲಿಗ್ರಾಂ. ಆ ಹನ್ನೊಂದು ಮಿಲಿಗ್ರಾಮಿನಲ್ಲಿ ಒಂದು ಹೊಸ ಧಾತು ಅಡಗಿ ಕುಳಿತಿತ್ತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ರಾಮ್ಸೆ ವಾಯುವಿನ ಸಾರಜನಕವನ್ನು ಕಾದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದ. ಮೆಗ್ನೀಸಿಯಂ ಸಾರಜನಕವನ್ನು ನುಂಗುತ್ತ ಹೋಯಿತು, ಉಳಿದ ಅನಿಲ ಭಾರವಾಗುತ್ತ ಹೋಯಿತು. ರೇಲಿ ಕ್ಯಾವೆಂಡಿಷನ ಕಿಡಿಯ ಪ್ರಯೋಗವನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿದ. ಇಬ್ಬರಿಗೂ ಸಿಕ್ಕಿದ್ದು ಒಂದೇ. ರೋಹಿತದರ್ಶಕದಲ್ಲಿ ನೋಡಿದರೆ ಹಿಂದೆ ಯಾವ ಧಾತುವಿನಲ್ಲೂ ಕಾಣದ ಕೆಂಪು, ಹಸುರು ಗೆರೆಗಳು. 1894ರ ಆಗಸ್ಟಿನಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನದಲ್ಲಿ ಇದನ್ನು ಪ್ರಕಟಿಸಿದರು. ಯಾವುದರೊಡನೆಯೂ ಕೂಡದ ಈ ಅನಿಲಕ್ಕೆ ಗ್ರೀಕ್ ಭಾಷೆಯಲ್ಲಿ ‘ಸೋಮಾರಿ’ ಎಂಬರ್ಥದ ‘ಆರ್ಗಾನ್’ ಎಂಬ ಹೆಸರು ಬಂತು.

ಎಲ್ಲರೂ ತಕ್ಷಣ ಒಪ್ಪಲಿಲ್ಲ. ಧಾತುಗಳ ಆವರ್ತ ಕೋಷ್ಟಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಕೋಷ್ಟಕದ ಕರ್ತೃ ಮೆಂಡಲೀವನೇ ಇದು ಮೂರು ಪರಮಾಣು ಕೂಡಿದ ಸಾರಜನಕ ಇರಬಹುದು ಎಂದ. ಕಡೆಗೆ ಸೋತದ್ದು ತಕ್ಕಡಿಯಲ್ಲ, ಕೋಷ್ಟಕ. ಅದಕ್ಕೆ ಒಂದು ಹೊಸ ಕಂಬಸಾಲನ್ನೇ ಸೇರಿಸಬೇಕಾಯಿತು. 1904ರಲ್ಲಿ ರೇಲಿಗೆ ಭೌತಶಾಸ್ತ್ರದ, ರಾಮ್ಸೆಗೆ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಪಾದರಸವೆಂಬ ಕೈ

ಉಳಿದ ಸೋಮಾರಿ ಅನಿಲಗಳು ಆರ್ಗಾನ್‌ಗಿಂತ ಬಹಳ ವಿರಳ. ವಾಯುವಿನ ಹತ್ತು ಲಕ್ಷ ಪಾಲಿನಲ್ಲಿ ನಿಯಾನ್ 18, ಕ್ರಿಪ್ಟಾನ್ ಒಂದಕ್ಕಿಂತ ತುಸು ಹೆಚ್ಚು, ಕ್ಸೆನಾನ್ ಕೋಟಿ ಪಾಲಿಗೆ ಒಂದರಷ್ಟೂ ಇಲ್ಲ. 1898ರ ಬೇಸಗೆಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಈ ಮೂರನ್ನೂ ಹಿಡಿದವರು ರಾಮ್ಸೆ ಮತ್ತು ಅವನ ಸಹಾಯಕ ಮಾರಿಸ್ ಟ್ರಾವರ್ಸ್. ದ್ರವ ವಾಯುವನ್ನು ಮೆಲ್ಲಗೆ ಆವಿಯಾಗಲು ಬಿಟ್ಟು, ಕೊನೆಗೆ ಉಳಿದ ಭಾಗವನ್ನು ಪರೀಕ್ಷಿಸಿದಾಗ ಮೊದಲು ಸಿಕ್ಕಿದ್ದು ಕ್ರಿಪ್ಟಾನ್.

ಇಷ್ಟು ಅಲ್ಪ ಅನಿಲವನ್ನು ಒಂದು ಗಾಜಿನಿಂದ ಇನ್ನೊಂದಕ್ಕೆ ದಾಟಿಸಲು ಅವರಿಗೆ ನೆರವಾದದ್ದು ಜರ್ಮನಿಯ ಆಗಸ್ಟ್ ಟೋಪ್ಲರ್ 1862ರಲ್ಲಿ ರೂಪಿಸಿದ ಪಾದರಸದ ಪಂಪು. ಗಾಜಿನ ಬುರುಡೆಯಲ್ಲಿ ಪಾದರಸ ಇಳಿದಾಗ ಉಪಕರಣದ ಅನಿಲ ಬುರುಡೆಗೆ ಹರಡುತ್ತದೆ. ಪಾದರಸ ಏರಿದಾಗ ಹಿಂದಿನ ದಾರಿ ಮುಚ್ಚಿ, ಅನಿಲವನ್ನು ಮುಂದಿನ ಕೊಳವೆಗೆ ನೂಕುತ್ತದೆ. ಬುರುಡೆಯೂ ಉಪಕರಣವೂ ಒಂದೇ ಗಾತ್ರದವಾದರೆ ಪ್ರತಿ ಏರಿಳಿತಕ್ಕೆ ಅರ್ಧ ಅನಿಲ ದಾಟುತ್ತದೆ. ಹತ್ತು ಏರಿಳಿತವಾದಾಗ ಹಿಂದೆ ಉಳಿಯುವುದು 1024ರಲ್ಲಿ ಒಂದು ಪಾಲು ಮಾತ್ರ. ತಾಳ್ಮೆಯೊಂದಿದ್ದರೆ ಎಲ್ಲವನ್ನೂ ದಾಟಿಸಬಹುದು.

ಅಷ್ಟು ತೆಳುವಾದ ಅನಿಲದ ಒತ್ತಡವನ್ನು ಅಳೆಯುವುದಕ್ಕೂ ಪಾದರಸವೇ ಬೇಕಾಯಿತು. 1874ರಲ್ಲಿ ಹರ್ಬರ್ಟ್ ಮೆಕ್ಲಿಯಡ್ ಸೂಚಿಸಿದ ಉಪಾಯ ಹೀಗಿದೆ. 250 ಮಿಲಿಲೀಟರಿನಷ್ಟು ತೆಳು ಅನಿಲವನ್ನು ಪಾದರಸದಿಂದ ಬಂಧಿಸಿ, ಸೂಜಿಯಂಥ ಕೊಳವೆಯಲ್ಲಿ 0.025 ಮಿಲಿಲೀಟರಿಗೆ ಒತ್ತಿದರೆ, ಬಾಯ್ಲನ ನಿಯಮದಂತೆ ಒತ್ತಡ ಹತ್ತು ಸಾವಿರ ಪಟ್ಟು ಏರಿ ಕಣ್ಣಿಗೆ ಕಾಣುವಂತಾಗುತ್ತದೆ. ಅದನ್ನು ಓದಿ ಹತ್ತು ಸಾವಿರದಿಂದ ಭಾಗಿಸಿದರೆ ಮೂಲ ಒತ್ತಡ ಸಿಗುತ್ತದೆ. ಈ ಮೆಕ್ಲಿಯಡ್ ಪಾಠ ಹೇಳುತ್ತಿದ್ದುದು ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ, ಭಾರತದ ಲೋಕೋಪಯೋಗಿ ಇಲಾಖೆಗೆ ಎಂಜಿನಿಯರುಗಳನ್ನು ತರಬೇತು ಮಾಡಲೆಂದೇ ತೆರೆದಿದ್ದ ರಾಯಲ್ ಇಂಡಿಯನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ.

ಬೆಂಗಳೂರಿಗೆ ಬಂದವರು

ಜಮಶೇಟ್‌ಜಿ ಟಾಟಾ ಅವರು ಭಾರತದಲ್ಲಿ ಒಂದು ಉನ್ನತ ಸಂಶೋಧನಾ ಸಂಸ್ಥೆ ಆಗಬೇಕೆಂದು ಯೋಜನೆ ಹಾಕಿದಾಗ, ಅದು ಎಲ್ಲಿರಬೇಕು, ಹೇಗಿರಬೇಕು ಎಂದು ಸಲಹೆ ನೀಡಲು ಕರೆಸಿದ್ದು ಇದೇ ರಾಮ್ಸೆಯನ್ನು. 1900-01ರ ಚಳಿಗಾಲದಲ್ಲಿ ಅವನು ದೇಶ ಸುತ್ತಿ ನೋಡಿ ಬೆಂಗಳೂರನ್ನು ಸೂಚಿಸಿದ. ಮೈಸೂರು ಸಂಸ್ಥಾನ 370 ಎಕರೆಗೂ ಮಿಕ್ಕ ಜಮೀನನ್ನೂ ಹಣವನ್ನೂ ಕೊಟ್ಟಿತು. 1909ರಲ್ಲಿ ಸಂಸ್ಥೆ ಸ್ಥಾಪನೆಯಾಗಿ, 1911ರಲ್ಲಿ ವಿದ್ಯಾರ್ಥಿಗಳು ಬಂದರು. ಜನರ ಬಾಯಲ್ಲಿ ಅದು ‘ಟಾಟಾ ಇನ್‌ಸ್ಟಿಟ್ಯೂಟ್’ ಆಯಿತು. ಅದರ ಮೊದಲ ನಿರ್ದೇಶಕನಾಗಿ 1906ರಲ್ಲಿ ನೇಮಕಗೊಂಡು, 1914ರವರೆಗೆ ಇದ್ದವನು ಮಾರಿಸ್ ಟ್ರಾವರ್ಸ್. ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನು ಹಿಡಿದ ಕೈಗಳೇ ಬೆಂಗಳೂರಿನ ಸಂಸ್ಥೆಯ ಅಡಿಪಾಯಕ್ಕೂ ಕೈ ಹಚ್ಚಿದವು. ಅನಿಲಗಳನ್ನು ಹಿಡಿಯುವ, ಅಳೆಯುವ, ದಾಟಿಸುವ ವಿದ್ಯೆಯ ಬಗ್ಗೆ ಟ್ರಾವರ್ಸ್ 1901ರಲ್ಲೇ ಒಂದು ದೊಡ್ಡ ಪುಸ್ತಕ ಬರೆದಿದ್ದ.

ಗಾಜು ಹೇಳಿದ ಸುಳ್ಳು

ಅತ್ತ ರಾಮ್ಸೆ ಇನ್ನೂ ಸೂಕ್ಷ್ಮವಾದ ಸಾಹಸಕ್ಕೆ ಇಳಿದಿದ್ದ. ರೇಡಿಯಂನಿಂದ ಹೊಮ್ಮುವ, ಇಂದು ರೇಡಾನ್ ಎನ್ನುವ ಅನಿಲವನ್ನು 1910ರಲ್ಲಿ ಅವನೂ ವಿಟ್ಲಾ-ಗ್ರೇ ಎಂಬ ಸಹೋದ್ಯೋಗಿಯೂ ತೂಗಿಯೇ ಬಿಟ್ಟರು. ಅವರಲ್ಲಿದ್ದ ಅನಿಲ ಒಂದು ಘನ ಮಿಲಿಮೀಟರಿನ ಹತ್ತನೇ ಒಂದು ಪಾಲಿಗೂ ಕಡಿಮೆ. ಆ ತಕ್ಕಡಿಗೆ ತೂಕದ ಬಟ್ಟುಗಳಿರಲಿಲ್ಲ. ಅದರ ತೋಳಿನಲ್ಲಿ ಗಾಳಿ ತುಂಬಿ ಮುಚ್ಚಿದ ಒಂದು ಪುಟ್ಟ ಬುರುಡೆ ಇತ್ತು. ತಕ್ಕಡಿಯ ಪೆಟ್ಟಿಗೆಯೊಳಗಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡಿದರೆ, ಬುರುಡೆಯನ್ನು ಎತ್ತಿ ಹಿಡಿಯುವ ಬಲವೂ ಹೆಚ್ಚು ಕಡಿಮೆಯಾಗಿ ತೋಳು ಸಮಕ್ಕೆ ಬರುತ್ತದೆ. ಗಾಳಿಯನ್ನು ಗಾಳಿಯಿಂದಲೇ ತೂಗಿದಂತಾಯಿತು. ಅವರು ಪಡೆದ ಪರಮಾಣು ತೂಕ 223. ಇಂದಿನ ಅಂಕಿ 222.

ಇಂಥ ಕೈಗಳೂ ಎಡವಿದವು ಎಂಬುದನ್ನು ಮರೆಯಬಾರದು. 1907ರಲ್ಲಿ ರಾಮ್ಸೆ, ರೇಡಾನ್ ಪ್ರಭಾವದಿಂದ ನೀರಿನಲ್ಲಿ ನಿಯಾನ್ ಹುಟ್ಟಿತು, ತಾಮ್ರದ ದ್ರಾವಣದಲ್ಲಿ ಲಿಥಿಯಂ ಹುಟ್ಟಿತು ಎಂದು ಪ್ರಕಟಿಸಿದ. ಮರುವರ್ಷ ಮೇರಿ ಕ್ಯೂರಿ ಮತ್ತು ಎಲೆನ್ ಗ್ಲೆಡಿಟ್ಷ್ ಗಾಜಿನ ಬದಲು ಪ್ಲಾಟಿನಂ ಪಾತ್ರೆಯಲ್ಲಿ ಪ್ರಯೋಗ ಮಾಡಿದಾಗ ಲಿಥಿಯಂ ಇರಲಿಲ್ಲ. ರುದರ್ಫರ್ಡ್ ಮತ್ತು ರಾಯ್ಡ್ಸ್ ಹೊರಗಿನ ಗಾಳಿ ಒಂದಿಷ್ಟೂ ನುಸುಳದಂತೆ ಮಾಡಿದಾಗ ನಿಯಾನ್ ಕಾಣಲಿಲ್ಲ. ಅಳೆಯುವ ವಸ್ತು ಅತ್ಯಲ್ಪವಾದಾಗ, ಪಾತ್ರೆಯೂ ಪ್ರಯೋಗದಲ್ಲಿ ಪಾಲುದಾರನಾಗುತ್ತದೆ. ತನ್ನದನ್ನೂ ಒಂದಿಷ್ಟು ಬೆರೆಸುತ್ತದೆ.

ಈ ಪಾಠವನ್ನು ಅರಿತು ಮಾಡಿದ ಪ್ರಯೋಗ ಹೇಗಿರುತ್ತದೆ ಎಂಬುದನ್ನು ರುದರ್ಫರ್ಡ್ ಮತ್ತು ರಾಯ್ಡ್ಸ್ 1909ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಣಬಹುದು. ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ತೆಳುವಾದ ಗಾಜಿನ ಕೊಳವೆಯೊಳಗೆ ರೇಡಾನ್. ಸುತ್ತ ಬರಿದಾದ ಹೊರಕೊಳವೆ. ಎರಡು ದಿನದ ಮೇಲೆ ಹೊರಕೊಳವೆಯ ಅನಿಲವನ್ನು ಪಾದರಸದಿಂದ ಒತ್ತಿ ನೋಡಿದರೆ ಹೀಲಿಯಂನ ಹಳದಿ ಗೆರೆ. ಆಲ್ಫಾ ಕಣವೇ ಹೀಲಿಯಂ ಎಂದು ಸಾಬೀತಾಯಿತು. ಆದರೆ ಹಾಗೆಂದು ಸಾರುವ ಮುನ್ನ ಅವರು ಒಳಕೊಳವೆಗೆ ಬರಿಯ ಹೀಲಿಯಂ ತುಂಬಿ, ಅದು ಗಾಜಿನಿಂದ ಸೋರುವುದಿಲ್ಲ ಎಂದು ಖಚಿತಪಡಿಸಿಕೊಂಡಿದ್ದರು.

ಕಲ್ಲಿನೊಳಗಿನ ಕಾಲ

ಈಗ ಆ ಸೋಮಾರಿ ಅನಿಲಕ್ಕೆ ಒಂದು ದೊಡ್ಡ ಕೆಲಸ ಸಿಕ್ಕಿದೆ. ಕಲ್ಲುಗಳಲ್ಲಿರುವ ಪೊಟ್ಯಾಸಿಯಂನ ಒಂದು ಪುಟ್ಟ ಪಾಲು, ಪೊಟ್ಯಾಸಿಯಂ-40, ಸುಮಾರು 125 ಕೋಟಿ ವರ್ಷಕ್ಕೆ ಅರ್ಧವಾಗುವ ವೇಗದಲ್ಲಿ ಕ್ಷಯಿಸುತ್ತದೆ. ಹಾಗೆ ಕ್ಷಯಿಸಿದ್ದರಲ್ಲಿ ನೂರಕ್ಕೆ ಹನ್ನೊಂದರಷ್ಟು ಆರ್ಗಾನ್-40 ಆಗಿ ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಲಾವಾ ದ್ರವವಾಗಿದ್ದಾಗ ಹಳೆಯ ಆರ್ಗಾನ್ ಹೊರಟುಹೋಗುವುದರಿಂದ, ಕಲ್ಲು ಗಟ್ಟಿಯಾದ ದಿನದಿಂದ ಎಣಿಕೆ ಶುರು. ಆರ್ಗಾನ್ ಎಷ್ಟಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ.

ಕಲ್ಲನ್ನು ಕರಗಿಸಿ, ಬಂದ ಅನಿಲವನ್ನು ಕಾದ ಟೈಟೇನಿಯಂ ಮೇಲೆ ಹಾಯಿಸಿದರೆ ಉಳಿದವನ್ನು ಅದು ನುಂಗುತ್ತದೆ, ಆರ್ಗಾನ್ ಉಳಿಯುತ್ತದೆ. ರಾಮ್ಸೆಯ ಮೆಗ್ನೀಸಿಯಂ ಮಾಡಿದ ಕೆಲಸವೇ ಇದು. ಅದನ್ನು ಎಣಿಸುವ ಉಪಾಯ ಕೆರೆಯ ಮೀನು ಎಣಿಸಿದಂತೆ. ನೂರು ಮೀನಿಗೆ ಗುರುತು ಹಾಕಿ ಕೆರೆಗೆ ಬಿಡಿ; ಮತ್ತೆ ಬಲೆ ಬೀಸಿದಾಗ ಐವತ್ತರಲ್ಲಿ ಐದಕ್ಕೆ ಗುರುತಿದ್ದರೆ ಕೆರೆಯಲ್ಲಿ ಸುಮಾರು ಸಾವಿರ ಮೀನುಗಳಿವೆ. ಇಲ್ಲಿ ಗುರುತಿನ ಮೀನು ಆರ್ಗಾನ್-38. ಅದನ್ನು ಎಷ್ಟು ಬಿಟ್ಟೆವು ಎಂಬುದು ನಿಖರವಾಗಿ ಗೊತ್ತಿದ್ದರೆ, ಮಾಸ್ ಸ್ಪೆಕ್ಟ್ರೋಮೀಟರ್ ತೋರಿಸುವ ಅನುಪಾತದಿಂದ ಆರ್ಗಾನ್-40 ಎಷ್ಟೆಂದು ಹೇಳಬಹುದು.

ಹಾಗೆ ಬಿಡುವ ಸಾಧನವೇ ಗ್ಯಾಸ್ ಪಿಪೆಟ್: ದೊಡ್ಡ ಪಾತ್ರೆಗೆ ಜೋಡಿಸಿದ, ಎರಡು ಕವಾಟಗಳ ನಡುವಿನ ಒಂದು ಪುಟ್ಟ ಕೋಣೆ. ಒಳ ಕವಾಟ ತೆರೆದಾಗ ಕೋಣೆ ತುಂಬುತ್ತದೆ. ಅದನ್ನು ಮುಚ್ಚಿ ಹೊರ ಕವಾಟ ತೆರೆದರೆ ಅಷ್ಟೇ ಅನಿಲ ಉಪಕರಣಕ್ಕೆ ಹೋಗುತ್ತದೆ. ಎರಡೂ ಒಟ್ಟಿಗೆ ಎಂದೂ ತೆರೆಯಬಾರದು. ಪಾತ್ರೆ ಎರಡು ಲೀಟರ್, ಕೋಣೆ 0.2 ಮಿಲಿಲೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ ಹತ್ತು ಸಾವಿರದಲ್ಲಿ ಒಂದು ಪಾಲು ಖರ್ಚು. ಸಾವಿರ ಸಲ ತೆಗೆದ ಮೇಲೂ ಪಾತ್ರೆಯಲ್ಲಿ ಶೇಕಡ 90.5ರಷ್ಟು ಉಳಿದಿರುತ್ತದೆ. ಆದ್ದರಿಂದ ಎಷ್ಟನೆಯ ಸಲ ಎಂಬುದನ್ನು ತಪ್ಪದೆ ಬರೆದಿಡಬೇಕು. ಅದು ತಪ್ಪಿದರೆ ಲೆಕ್ಕವೆಲ್ಲ ತಪ್ಪಿತು. ಪಾದರಸ ಹೋಗಿ ಲೋಹದ ಕವಾಟ ಬಂದಿದೆ, ಬೆರಳಿನ ಬದಲು ಕಂಪ್ಯೂಟರ್ ತೆರೆದು ಮುಚ್ಚುತ್ತದೆ. ತತ್ತ್ವ ಮಾತ್ರ ಕ್ಯಾವೆಂಡಿಷನದೇ.

ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಹರಡಿರುವ ಕಪ್ಪು ಕಲ್ಲು, ಜೋಳ ಬೆಳೆಯುವ ಎರೆಮಣ್ಣಿಗೆ ಮೂಲವಾದ ಕಲ್ಲು, ದಖನ್ನಿನ ಲಾವಾ ಪ್ರವಾಹದ್ದು. ಗೋಳಗುಮ್ಮಟ ಕಟ್ಟಿರುವುದೂ ಇದರಿಂದಲೇ. ಇದರ ವಯಸ್ಸು ಸುಮಾರು 6.6 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದೂ ಅದೇ ಕಾಲದಲ್ಲಿ. ಅದಕ್ಕೆ ಕಾರಣ ಆಕಾಶದಿಂದ ಬಿದ್ದ ಬಂಡೆಯೇ, ಈ ಲಾವಾಗೂ ಅದರಲ್ಲಿ ಪಾಲಿದೆಯೇ ಎಂಬ ವಾದ ಬಹುಕಾಲದಿಂದ ನಡೆದಿದೆ. ಯಾವುದು ಮೊದಲು, ಯಾವುದು ನಂತರ ಎಂದು ತೀರ್ಮಾನಿಸಲು ಕೆಲವು ಸಾವಿರ ವರ್ಷಗಳ ಅಂತರವೂ ಮುಖ್ಯ. ಗುರುತಿನ ಅನಿಲದ ಅಳತೆ ನೂರಕ್ಕೆ ಒಂದು ಪಾಲು ತಪ್ಪಿದರೆ ವಯಸ್ಸಿನಲ್ಲಿ 6.6 ಲಕ್ಷ ವರ್ಷ ತಪ್ಪುತ್ತದೆ. ವಾದವೇ ಅದರಲ್ಲಿ ಮುಳುಗಿಹೋಗುತ್ತದೆ. ಈಚಿನ ಸುಧಾರಿತ ವಿಧಾನಗಳು ಅನುಪಾತಗಳನ್ನು ಮಾತ್ರ ಅಳೆದು, ವಯಸ್ಸು ಗೊತ್ತಿರುವ ಮಾದರಿ ಕಲ್ಲಿನೊಡನೆ ಹೋಲಿಸುತ್ತವೆ. ಆದರೆ ಆ ಮೂಲ ಮಾದರಿಗಳ ವಯಸ್ಸನ್ನು ನಿರ್ಧರಿಸಲು ಪಿಪೆಟ್ಟಿನಿಂದ ಅಳೆದು ಬಿಟ್ಟ ಆರ್ಗಾನ್ ಬೇಕೇ ಬೇಕಾಯಿತು.

ಉಳಿದದ್ದರ ಲೆಕ್ಕ

ಈ ಕಥೆಯಲ್ಲಿ ಮತ್ತೆ ಮತ್ತೆ ಕಾಣುವುದು ‘ಉಳಿಕೆ’. ಕ್ಯಾವೆಂಡಿಷನಿಗೆ ಉಳಿದದ್ದು ಒಂದು ಗುಳ್ಳೆ, ರೇಲಿಗೆ ಹನ್ನೊಂದು ಮಿಲಿಗ್ರಾಂ. ಇಬ್ಬರೂ ಅದನ್ನು ಗುಡಿಸಿ ಹಾಕಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಗುಡಿಸಿ ಹಾಕದೆ ಬರೆದಿಟ್ಟದ್ದರಿಂದ ಧಾತುಗಳ ಒಂದು ಇಡೀ ಕುಟುಂಬ ಬೆಳಕಿಗೆ ಬಂತು. ರಾಮ್ಸೆಯ ತಪ್ಪು ಇದೇ ಪಾಠವನ್ನು ಇನ್ನೊಂದು ಬದಿಯಿಂದ ಹೇಳುತ್ತದೆ: ಕಂಡದ್ದೆಲ್ಲ ಹೊಸದಲ್ಲ, ಮೊದಲು ಪಾತ್ರೆಯನ್ನು ಸಂದೇಹಿಸಬೇಕು. ಯಾವ ಉಳಿಕೆ ಗಾಜಿನದು, ಯಾವುದು ಪ್ರಕೃತಿಯದು ಎಂದು ಬಿಡಿಸಿ ಹೇಳುವುದಕ್ಕೆ ಅಡ್ಡದಾರಿ ಇಲ್ಲ. ಮತ್ತೆ ಅಳೆಯಬೇಕು, ಪಾತ್ರೆ ಬದಲಿಸಿ ಅಳೆಯಬೇಕು, ಬಂದ ಅಂಕಿಯನ್ನು ಬಂದ ಹಾಗೆಯೇ ಬರೆಯಬೇಕು. ಆಗ ಮಾತ್ರ ಗಾಳಿಯ ಲೆಕ್ಕ ಗಾಳಿಮಾತು ಆಗದೆ ಉಳಿದೀತು.